ಧ್ರುವದ ಮಂಜುಗಡ್ಡೆಯ ಮೇಲೆ ಪುಟ್ಟ ವಿಮಾನ: ಇಳಿಯುವ ಮುನ್ನ, ಇಳಿಯುವಾಗ, ಇಳಿದ ಮೇಲೆ

1956ರ ಅಕ್ಟೋಬರ್ 31ರಂದು ದಕ್ಷಿಣ ಧ್ರುವದಲ್ಲಿ ಮೊತ್ತಮೊದಲ ಬಾರಿಗೆ ಒಂದು ವಿಮಾನ ಇಳಿಯಿತು. ಅದು ಅಮೆರಿಕದ ನೌಕಾಪಡೆಯ ಆರ್‌4ಡಿ, ಅಂದರೆ ಚಕ್ರದ ಜಾಗದಲ್ಲಿ ಹಿಮದ ಮೇಲೆ ಜಾರುವ ಉದ್ದ ಪಟ್ಟಿಗಳನ್ನು, ಅಂದರೆ ಸ್ಕೀ ಕಟ್ಟಿದ ಡಿಸಿ-3 ವಿಮಾನ. ನಡೆಸುತ್ತಿದ್ದವರು ಕಾನ್ರಾಡ್ ಶಿನ್, ಜೊತೆಗಿದ್ದವರಲ್ಲಿ ಒಬ್ಬರು ಅಡ್ಮಿರಲ್ ಜಾರ್ಜ್ ಡ್ಯೂಫೆಕ್. ಹೊರಗೆ ಸೊನ್ನೆಗಿಂತ ಸುಮಾರು 50 ಡಿಗ್ರಿ ಕೆಳಗಿನ ಚಳಿ. ಇಂಜಿನ್ ಆರಿಸದೆಯೇ 49 ನಿಮಿಷ ನಿಂತರು. ಹೊರಡೋಣ ಎಂದು ಥ್ರಾಟಲ್ ಪೂರ್ತಿ ಕೊಟ್ಟರೆ ವಿಮಾನ ಕದಲಲೇ ಇಲ್ಲ. ಸ್ಕೀಗಳು ಹಿಮಕ್ಕೆ ಹೆಪ್ಪುಗಟ್ಟಿ ಕೂತುಬಿಟ್ಟಿದ್ದವು. ವಿಮಾನದ ಮೈಗೆ ಕಟ್ಟಿಕೊಂಡು ಬಂದಿದ್ದ 15 ರಾಕೆಟ್‌ಗಳನ್ನು ಉರಿಸಿದ ಮೇಲಷ್ಟೇ ಅದು ಕಿತ್ತುಕೊಂಡು ಮೇಲೆದ್ದಿತು.

ಇಳಿದದ್ದು ಸಲೀಸು, ಹೊರಟದ್ದು ಪ್ರಾಣಸಂಕಟ. ಧ್ರುವಪ್ರದೇಶದಲ್ಲಿ ಇಳಿಯುವ ಬಗ್ಗೆ ಓದುವಾಗಲೆಲ್ಲ ನನ್ನ ಮನಸ್ಸಿಗೆ ಮೊದಲು ಬರುವುದು ಈ ಘಟನೆಯೇ. ಸ್ಕೀ ಹಿಮವನ್ನು ಮುಟ್ಟಿದ ಕ್ಷಣಕ್ಕೆ ಅರ್ಧ ಕೆಲಸವೂ ಮುಗಿದಿರುವುದಿಲ್ಲ. ಮತ್ತೆ ಹಾರಿ ಹೋಗುವವರೆಗಿನದ್ದೆಲ್ಲ ಸೇರಿ ಒಂದು ಇಳಿಯುವಿಕೆ. ಹಾಗಾಗಿ ಈ ಬರಹವನ್ನೂ ಅದೇ ಉದ್ದಕ್ಕೆ ಎಳೆದಿದ್ದೇನೆ. ಇದು ಪೈಲಟ್‌ಗಳಿಗೆ ಮಾತ್ರವಲ್ಲ, ಸಂಶೋಧನೆಗೋ ಪರ್ವತಾರೋಹಣಕ್ಕೋ ಇಂಥ ವಿಮಾನದ ಹಿಂದಿನ ಸೀಟಿನಲ್ಲಿ ಕೂತು ಹೋಗುವವರಿಗೂ ಬೇಕಾದ ತಿಳಿವಳಿಕೆ. ಆದರೆ ಇದನ್ನು ಓದಿಕೊಂಡು ಯಾರೂ ಒಬ್ಬರೇ ಹೊರಡಬಾರದು. ಸ್ಕೀ ವಿಮಾನದಲ್ಲಿ ಪಳಗಿದವರ ಪಕ್ಕ ಕೂತು ಕಲಿಯುವುದಕ್ಕೆ ಬದಲಿ ಇಲ್ಲ.

ಮೊದಲು: ಕೆಳಗಿರುವುದು ಏನು?

ಬಿಳಿಯಾಗಿ ಕಾಣುವುದೆಲ್ಲ ಒಂದೇ ಅಲ್ಲ. ಸಮುದ್ರದ ನೀರೇ ಹೆಪ್ಪುಗಟ್ಟಿ ಆದ ಗಡ್ಡೆ ಒಂದು. ಅದು ತೇಲುತ್ತದೆ, ಸರಿಯುತ್ತದೆ, ಸೀಳುತ್ತದೆ. ಇಲ್ಲಿ ನಿಮ್ಮ ಶತ್ರು ತೆಳುವಾದ ಗಡ್ಡೆ. ಹಿಮನದಿ ಮತ್ತು ಹಿಮಬಯಲು ಇನ್ನೊಂದು. ಅಲ್ಲಿ ದಪ್ಪದ ಚಿಂತೆ ಇಲ್ಲ, ಕೆಳಗೆ ನೂರಾರು ಮೀಟರ್ ಗಡ್ಡೆ ಇರುತ್ತದೆ. ಆದರೆ ಹಿಮದ ಹೊದಿಕೆಯಡಿ ಬಾಯ್ದೆರೆದ ಬಿರುಕುಗಳಿರುತ್ತವೆ. ಮೂರನೆಯದು ನೀಲಿ ಮಂಜುಗಡ್ಡೆ. ಗಾಳಿ ಹಿಮವನ್ನೆಲ್ಲ ಗುಡಿಸಿಹಾಕಿ ಬರಿಗಡ್ಡೆಯಷ್ಟೇ ಉಳಿದ ಜಾಗ. ಅಂಟಾರ್ಕ್ಟಿಕಾದ ಯೂನಿಯನ್ ಗ್ಲೇಸಿಯರ್‌ನಲ್ಲಿ ಇಂಥದ್ದರ ಮೇಲೆ ಐಎಲ್-76ರಂಥ ದೈತ್ಯ ವಿಮಾನಗಳು ಚಕ್ರದ ಮೇಲೆಯೇ ಇಳಿದಿವೆ. ಗಟ್ಟಿತನದಲ್ಲಿ ಅದು ಕಾಂಕ್ರೀಟ್, ಬ್ರೇಕ್ ಹಾಕಿದರೆ ಗಾಜು. ಅಲ್ಲಿನ ಹಿಮವನ್ನು ಗುಡಿಸಿದ ಗಾಳಿ ನೀವು ಇಳಿಯುವ ಹೊತ್ತಿಗೆ ಸುಮ್ಮನಿರುತ್ತದೆ ಎಂದುಕೊಳ್ಳಬೇಡಿ. ಅಡ್ಡಗಾಳಿ ಅಲ್ಲಿನ ಮುಖ್ಯ ತೊಂದರೆ.

ಮೂರರಲ್ಲಿ ಯಾವುದರ ಮೇಲೆ ಇಳಿಯುತ್ತೀರಿ ಎನ್ನುವುದರ ಮೇಲೆ ಚಕ್ರವೋ ಸ್ಕೀಯೋ, ಯಾವ ತಿಂಗಳು, ಎಷ್ಟು ಭಾರ ಎಲ್ಲವೂ ನಿರ್ಧಾರವಾಗುತ್ತದೆ. ಉತ್ತರ ಧ್ರುವದ ಸುತ್ತಲ ಸಮುದ್ರದ ಗಡ್ಡೆಗೆ ಏಪ್ರಿಲ್ ಒಳ್ಳೆಯ ಕಾಲ. ಚಳಿಗಾಲವಿಡೀ ಬೆಳೆದ ಗಡ್ಡೆ ದಪ್ಪವಾಗಿರುತ್ತದೆ, ಸೂರ್ಯನೂ ಮರಳಿ ಬಂದಿರುತ್ತಾನೆ. ಬೇಸಿಗೆಗೆ ಕಾದರೆ ಮೇಲೆಲ್ಲ ಕರಗಿದ ನೀರಿನ ಹೊಂಡಗಳು.

ಹೊರಡುವ ಮುನ್ನವೇ ಹಿಂದಿರುಗುವ ಲೆಕ್ಕ

ಇಂಧನದ ಲೆಕ್ಕದಲ್ಲಿ 'ಇಳಿಯಲು ಆಗಲಿಲ್ಲ, ವಾಪಸ್ ಬಂದೆವು' ಎನ್ನುವ ಸಾಧ್ಯತೆಗೆ ಪೂರ್ತಿ ಜಾಗ ಇರಲೇಬೇಕು. ಯಾವ ಬಿಂದು ದಾಟಿದರೆ ಹಿಂದಿರುಗಲು ಇಂಧನ ಸಾಲದೋ ಅದನ್ನು ನಕ್ಷೆಯಲ್ಲಿ ಗುರುತು ಹಾಕಿ. ಅಲ್ಲಿಗೆ ಬಂದಾಗ ಮುಂದಿನ ಹವಾಮಾನ ಗಟ್ಟಿಯಾಗಿ ಗೊತ್ತಿಲ್ಲದಿದ್ದರೆ ತಿರುಗಿಬಿಡಿ. ಮೆಕ್‌ಮರ್ಡೋ ಎಂಬ ಅಮೆರಿಕದ ಅಂಟಾರ್ಕ್ಟಿಕಾ ನೆಲೆಯ ಬಳಿ 2016ರವರೆಗೆ ಇದ್ದ ಪೆಗಾಸಸ್ ರನ್‌ವೇಗೆ ಆ ಹೆಸರು ಬಂದದ್ದು ಹತ್ತಿರದಲ್ಲೇ ಹಿಮದಲ್ಲಿ ಹೂತು ಬಿದ್ದಿರುವ, ಅದೇ ಹೆಸರಿನ ಒಂದು ಕಾನ್‌ಸ್ಟೆಲೇಶನ್ ವಿಮಾನದಿಂದ. 1970ರ ಅಕ್ಟೋಬರ್‌ನಲ್ಲಿ ಹಿಮಗಾಳಿಯಲ್ಲೇ ಇಳಿಯಬೇಕಾಗಿ ಬಂದು ಅದು ಮುರಿದುಬಿತ್ತು. ಪುಣ್ಯಕ್ಕೆ ಒಳಗಿದ್ದ 80 ಮಂದಿಯೂ ಬದುಕಿದರು.

ಇನ್ನು ಸಾಮಾನು. ಡೇರೆ, ನಿದ್ರೆಚೀಲ, ಒಲೆ, ಸಲಿಕೆ, ಹಿಮ ಕೊಯ್ಯುವ ಗರಗಸ, ಹಲವು ದಿನಗಳ ಆಹಾರ, ಇವೆಲ್ಲ ವಿಮಾನದಲ್ಲಿರುವ ಪ್ರತಿಯೊಬ್ಬರ ಲೆಕ್ಕಕ್ಕೆ ಇರಬೇಕು. ಭಾರ ಹೆಚ್ಚಾಯಿತೆಂದು ಮೊದಲು ಇವನ್ನೇ ಇಳಿಸುವ ಚಾಳಿ ಕೆಟ್ಟದ್ದು. ಭೂಮಧ್ಯರೇಖೆಯ ಮೇಲೆ ಒಂದೇ ಕಡೆ ನಿಂತಂತಿರುವ ಭೂಸ್ಥಿರ ಉಪಗ್ರಹಗಳು ಧ್ರುವದ ಹತ್ತಿರ ದಿಗಂತದ ಕೆಳಗೆ ಹೋಗಿಬಿಡುತ್ತವೆ. ಅದಕ್ಕೇ ಇರಿಡಿಯಂ ಥರದ, ಧ್ರುವದ ಮೇಲೂ ಹಾಯುವ ಉಪಗ್ರಹಗಳ ಫೋನ್ ಮತ್ತು ಉಪಗ್ರಹವಿಲ್ಲದೆಯೇ ದೂರ ತಲುಪುವ ಎಚ್‌ಎಫ್ ರೇಡಿಯೋ ಎರಡೂ ಬೇಕು. ತುರ್ತು ಸಂದೇಶದ ಬೀಕನ್ 406 ಮೆಗಾಹರ್ಟ್ಸ್‌ನದ್ದಾಗಿರಲಿ.

ಮೇಲಿನಿಂದ ಓದುವುದು

ಇದು ನನಗೆ ಬಹಳ ಇಷ್ಟದ ಭಾಗ, ಏಕೆಂದರೆ ಇಲ್ಲಿ ಕಣ್ಣೇ ದೊಡ್ಡ ಉಪಕರಣ.

ಸಮುದ್ರದ ಗಡ್ಡೆ ಬಣ್ಣದಲ್ಲೇ ತನ್ನ ವಯಸ್ಸು ಹೇಳುತ್ತದೆ. ಕಪ್ಪಗೆ, ನುಣ್ಣಗೆ ಇದ್ದರೆ ಈಗಷ್ಟೇ ಹೆಪ್ಪುಗಟ್ಟಿದ್ದು, 10 ಸೆಂಟಿಮೀಟರ್ ಒಳಗೆ. ಬೂದಿ ಬಣ್ಣ ಎಂದರೆ 10ರಿಂದ 15. ಬೂದಿ ಬೆರೆತ ಬಿಳುಪು 30ರವರೆಗೆ. ಇವು ಯಾವುವೂ ನಿಮ್ಮವಲ್ಲ. ಬೆಳ್ಳಗಿದ್ದರೆ 30 ದಾಟಿರಬಹುದು, ಆದರೆ ಮೇಲೆ ಹಿಮ ಬಿದ್ದರೆ ತೆಳು ಗಡ್ಡೆಯೂ ಬೆಳ್ಳಗೇ ಕಾಣುತ್ತದೆ. ಹಾಗಾಗಿ ಬಣ್ಣವನ್ನು 'ಬೇಡ' ಎನ್ನಲು ನಂಬಿ, 'ಆಗಬಹುದು' ಎನ್ನಲು ನಂಬಬೇಡಿ. ಹಲವು ವರ್ಷ ಕರಗದೆ ಉಳಿದ ಹಳೆ ಗಡ್ಡೆಗೆ ನೀಲಿ ಛಾಯೆ, ಸವೆದು ದುಂಡಗಾದ ದಿಬ್ಬಗಳು. ಅದು ಗಟ್ಟಿ, ಆದರೆ ಉಬ್ಬುತಗ್ಗು. ಎಷ್ಟೋ ಸಲ ಒಳ್ಳೆಯ ಜಾಗ ಸಿಗುವುದು ಎರಡು ಹಳೆ ತುಂಡುಗಳ ನಡುವೆ ಸೀಳು ಬಿಟ್ಟು, ಅಲ್ಲಿನ ನೀರು ಮತ್ತೆ ಹೆಪ್ಪುಗಟ್ಟಿ, ಸಾಕಷ್ಟು ದಪ್ಪವಾದ ಸಪಾಟು ಪಟ್ಟಿಯಲ್ಲಿ. ಹೊಸ ಸೀಳಾಗಿದ್ದರೆ ಅದೇ ಪಟ್ಟಿ ಬೋನು.

ಮೋಡದ ತಳವನ್ನೂ ನೋಡಿ. ದೂರದಲ್ಲಿ ಮೋಡದ ಹೊಟ್ಟೆ ಕಪ್ಪಗಾಗಿದ್ದರೆ ಅದರ ಕೆಳಗೆ ತೆರೆದ ನೀರಿದೆ. ಬೆಳ್ಳಗೆ ಹೊಳೆಯುತ್ತಿದ್ದರೆ ಗಡ್ಡೆ. ಸೀಳಿನಿಂದ ಹೊಗೆಯಂತೆ ಆವಿ ಏಳುತ್ತಿದ್ದರೆ ಆ ನೀರು ಇನ್ನೂ ಮುಚ್ಚಿಲ್ಲ ಎಂದರ್ಥ. ಗಾಳಿ ತಿರುಗಿದರೆ ಆ ಹೊಗೆಯೇ ಮಂಜಾಗಿ ನಿಮ್ಮ ಪಟ್ಟಿಯನ್ನು ಮುಚ್ಚೀತು.

ಹಿಮಬಯಲಲ್ಲಿ ಓದಬೇಕಾದ್ದು ಸಾಸ್ಟ್ರುಗಿ. ಗಾಳಿ ಕೊರೆದು ಮಾಡಿದ, ನೇಗಿಲಸಾಲಿನಂಥ ಹಿಮದ ಏಣುಗಳಿವು. ಮೇಲಿನಿಂದ ಮರಳಿನ ಅಲೆಗಳಷ್ಟು ಮೆತ್ತಗೆ ಕಾಣುತ್ತವೆ. ಸ್ಕೀಗೆ ತಾಗಿದಾಗ ಕಲ್ಲು. ಕೆಲವೆಡೆ ಸೊಂಟದೆತ್ತರಕ್ಕೂ ಬೆಳೆಯುತ್ತವೆ. ಅಡ್ಡಲಾಗಿ ಇಳಿದರೆ ಸ್ಕೀಯ ಕಾಲು ಮುರಿಯುತ್ತದೆ, ಉದ್ದಕ್ಕೆ ಇಳಿದರೆ ಕುಲುಕಾಟದಲ್ಲಿ ಮುಗಿಯುತ್ತದೆ. ಗಾಳಿಯ ದಿಕ್ಕು ಸ್ವಲ್ಪ ಓರೆಯಾದರೂ ಪರವಾಗಿಲ್ಲ, ಏಣಿನ ಉದ್ದಕ್ಕೇ ಇಳಿಯಿರಿ. ಸೂರ್ಯ ಕೆಳಗಿದ್ದಾಗ ನೋಡಿದರೆ ನೆರಳು ಉದ್ದ ಬಿದ್ದು ಏಣುಗಳೆಲ್ಲ ಎದ್ದು ಕಾಣುತ್ತವೆ.

ಹಿಮನದಿಯಲ್ಲಿ ಬಿರುಕುಗಳು ಎಲ್ಲೆಂದರಲ್ಲಿ ಹುಟ್ಟುವುದಿಲ್ಲ. ನದಿ ಬಾಗುವಲ್ಲಿ, ಇಳಿಜಾರು ಹಠಾತ್ತನೆ ಹೆಚ್ಚುವಲ್ಲಿ, ಬಂಡೆಶಿಖರದ ಸುತ್ತ, ವೇಗವಾಗಿ ಸರಿಯುವ ಗಡ್ಡೆ ನಿಧಾನದ್ದಕ್ಕೆ ಉಜ್ಜುವ ಅಂಚಿನಲ್ಲಿ ಅವು ಗುಂಪಾಗಿರುತ್ತವೆ. ಹಿಮದ ಮೇಲೆ ಸಮಾನಾಂತರವಾಗಿ ತುಸು ತಗ್ಗಾದ ಗೆರೆಗಳು ಕಂಡರೆ ಅವು ಮುಚ್ಚಿದ ಬಾಯಿಗಳು. ಒಂದು ಗೆರೆ ಕಂಡಲ್ಲಿ ಕಾಣದವು ಇನ್ನೂ ಹಲವು ಇವೆ ಎಂದೇ ಲೆಕ್ಕ.

ಬೆಳಕು ಕೈಕೊಟ್ಟಾಗ

ಮೇಲಿನದ್ದೆಲ್ಲ ಬಿಸಿಲಿದ್ದಾಗಿನ ಮಾತು. ಮೋಡ ಮುಸುಕಿತೋ, ಬೆಳಕು ಮೋಡದಿಂದ ಹಿಮಕ್ಕೆ, ಹಿಮದಿಂದ ಮೋಡಕ್ಕೆ ಪುಟಿಯುತ್ತ ನೆರಳೇ ಇಲ್ಲವಾಗುತ್ತದೆ. ದಿಗಂತ ಅಳಿಸಿಹೋಗುತ್ತದೆ. ಇದು ವೈಟ್‌ಔಟ್. ಮಂಜು ಕವಿದ ಹಾಗಲ್ಲ. ಗಾಳಿ ತಿಳಿಯಾಗಿಯೇ ಇರುತ್ತದೆ, ದೂರದ ಕಪ್ಪು ಬಂಡೆ ಸ್ಪಷ್ಟವಾಗಿ ಕಾಣುತ್ತದೆ, ಆದರೆ ಮೂಗಿನ ಮುಂದಿರುವ ಹಿಮದ ಇಳಿಜಾರು ಕಾಣುವುದಿಲ್ಲ. 'ಕಾಣುತ್ತಿದೆ' ಎಂದು ಕಣ್ಣು ಸುಳ್ಳು ಹೇಳುವುದೇ ಇದರ ಭಯಂಕರ ಗುಣ. 1979ರ ನವೆಂಬರ್ 28ರಂದು ಅಂಟಾರ್ಕ್ಟಿಕಾ ನೋಡಲು ಹೋಗಿದ್ದ ಏರ್ ನ್ಯೂಜಿಲೆಂಡ್‌ನ ಡಿಸಿ-10 ವಿಮಾನ ಎರೆಬಸ್ ಪರ್ವತದ ಮೈಗೆ ಹಾಗೆಯೇ ಅಪ್ಪಳಿಸಿ 257 ಮಂದಿ ಸತ್ತರು. ಹಾರುವ ದಾರಿಯ ಲೆಕ್ಕ ಬದಲಾದದ್ದು ಚಾಲಕರಿಗೆ ತಿಳಿದಿರಲಿಲ್ಲ, ಎದುರಿಗಿದ್ದ ಬಿಳಿ ಪರ್ವತವನ್ನು ಬೆಳಕು ಬಚ್ಚಿಟ್ಟಿತ್ತು.

ಇಂಥ ಬೆಳಕಿನಲ್ಲಿ ಗೊತ್ತಿಲ್ಲದ ಜಾಗಕ್ಕೆ ಇಳಿಯಲೇಬೇಡಿ. ಇದರಲ್ಲಿ ನನಗೆ ಎರಡು ಮಾತಿಲ್ಲ. ಪರಿಚಿತ ಸಪಾಟು ಜಾಗಕ್ಕೆ ಇಳಿಯಲೇಬೇಕಾಗಿ ಬಂದರೆ ಮೊದಲು ನೆಲಕ್ಕೆ ಕಪ್ಪು ಗುರುತು ಕೊಡಿ. ಕೆಳಹಾರಾಟದಲ್ಲಿ ಕಪ್ಪು ಚೀಲಗಳನ್ನು ಸಾಲಾಗಿ ಎಸೆದರೆ ಕಣ್ಣಿಗೆ ಆಧಾರ ಸಿಗುತ್ತದೆ. ಆಮೇಲೆ ಕನ್ನಡಿಯಂಥ ನೀರಿನ ಮೇಲೆ ಇಳಿಯುವವರ ಪಾಠವನ್ನೇ ಅನುಸರಿಸಿ: ಇಂಜಿನ್ ಬಲ ಇಟ್ಟುಕೊಂಡೇ, ಮೂಗು ಸ್ವಲ್ಪ ಮೇಲಿಟ್ಟು, ನಿಮಿಷಕ್ಕೆ ನೂರು ನೂರೈವತ್ತು ಅಡಿಯಷ್ಟೇ ಇಳಿಯುವ ಹಾಗೆ ಹೊಂದಿಸಿ, ಹಿಮ ತಾನಾಗಿ ಬಂದು ತಾಗುವವರೆಗೆ ಅದನ್ನು ಬದಲಿಸಬೇಡಿ. 'ಈಗ ನೆಲ ಬಂತು' ಎಂದು ಊಹಿಸಿ ಮೂಗು ಎತ್ತಿದರೆ ಮನೆಯೆತ್ತರದಲ್ಲೇ ವಿಮಾನ ಕುಸಿಯುತ್ತದೆ.

ಉಪಕರಣಗಳ ಮುಳ್ಳುಗಳ ಮೇಲೂ ಒಂದು ಕಣ್ಣಿರಲಿ. ತಣ್ಣನೆಯ ಗಾಳಿಯಲ್ಲಿ, ಗಾಳಿಯ ಒತ್ತಡದಿಂದ ಎತ್ತರ ಅಳೆಯುವ ಆಲ್ಟಿಮೀಟರ್ ಇರುವುದಕ್ಕಿಂತ ಹೆಚ್ಚು ಎತ್ತರ ತೋರಿಸುತ್ತದೆ. ಪ್ರಮಾಣಿತ ತಾಪಮಾನಕ್ಕಿಂತ ಪ್ರತಿ 10 ಡಿಗ್ರಿ ತಣ್ಣಗಾದಂತೆ ಸುಮಾರು ಶೇ 4ರಷ್ಟು ತಪ್ಪು. ನೆಲಕ್ಕೆ ಅಲೆ ಕಳಿಸಿ ಎತ್ತರ ಅಳೆಯುವ ರೇಡಿಯೋ ಆಲ್ಟಿಮೀಟರ್‌ನ ಅಲೆಗಳು ಒಣಹಿಮದೊಳಕ್ಕೆ ಇಳಿದು ಕೆಳಗಿನಿಂದ ಮರಳಬಹುದು, ಅದೂ ಎತ್ತರವನ್ನು ಹೆಚ್ಚಾಗಿಯೇ ಹೇಳುತ್ತದೆ. ಕಾಂತಧ್ರುವದ ಆಸುಪಾಸಿನಲ್ಲಿ ದಿಕ್ಸೂಚಿ ಸುಮ್ಮನೆ ಅಲೆದಾಡುತ್ತದೆ, ಅದನ್ನು ಮರೆತು ಜಿಪಿಎಸ್ ಮತ್ತು ನಕ್ಷೆಯ ಚೌಕಳಿ ಗೆರೆಗಳಿಂದ ಅಳೆಯುವ ಗ್ರಿಡ್ ದಿಕ್ಕುಗಳಲ್ಲಿ ಯೋಚಿಸಿ.

ಮುಟ್ಟಿ ನೋಡಿ, ನಿಲ್ಲಬೇಡಿ

ಜಾಗ ಆರಿಸಿದ ಮೇಲೂ ಮೊದಲ ಸಲ ಮುಟ್ಟಿದಾಗ ನಿಲ್ಲಿಸುವ ಹಾಗಿಲ್ಲ. ಭಾರದ ಬಹುಪಾಲು ರೆಕ್ಕೆಯ ಮೇಲೇ ಇರುವಂತೆ ವೇಗ ಕಾಯ್ದುಕೊಂಡು, ಆರಿಸಿದ ಪಟ್ಟಿಯ ಉದ್ದಕ್ಕೂ ಸ್ಕೀಗಳನ್ನು ಎಳೆದು, ಮತ್ತೆ ಮೇಲೇರಿ. ಒಂದು ಸುತ್ತು ಬಂದು ನಿಮ್ಮದೇ ಜಾಡನ್ನು ನೋಡಿ. ಈ ಒಂದು ನೋಟ ಎಷ್ಟೋ ಜೀವ ಉಳಿಸಿದೆ ಎಂದು ನಂಬಿದವನು ನಾನು.

ಜಾಡು ಎರಡು ಬಿಳಿ ಗೀಟುಗಳಾಗಿಯೇ ಉಳಿದಿದ್ದರೆ ಸರಿ. ನೋಡನೋಡುತ್ತಲೇ ಗೀಟು ಬೂದಿಯಾಗಿ, ಕಪ್ಪಾಗಿ ತಿರುಗಿದರೆ ಹಿಮದಡಿ ನೀರಿದೆ. ಹಿಮದ ಭಾರಕ್ಕೆ ಗಡ್ಡೆ ಕುಗ್ಗಿ, ಬಿರುಕಿನಿಂದ ನೀರು ಮೇಲುಕ್ಕಿ, ಹಿಮದ ಹೊದಿಕೆಯಡಿ ಹೆಪ್ಪುಗಟ್ಟದೆ ಕೆಸರಾಗಿ ನಿಂತಿರುತ್ತದೆ. ಗಡ್ಡೆ ಒಡೆಯದಿದ್ದರೂ ಆ ಹಿಮಗೆಸರಿನಲ್ಲಿ ಸ್ಕೀ ಹೂತು, ಕೆಲವೇ ನಿಮಿಷದಲ್ಲಿ ಹೆಪ್ಪುಗಟ್ಟಿ ಸೆರೆ ಸಿಗುತ್ತದೆ. ಹಿಮನದಿಯ ಮೇಲಾದರೆ ಜಾಡಿನ ನಡುವೆ ನೀಲಿ ಕಿಂಡಿ ಬಿದ್ದಿದೆಯೇ ನೋಡಿ. ಬಿದ್ದಿದ್ದರೆ ಅದು ಬಿರುಕಿನ ಮೇಲಿನ ಹಿಮದ ಮುಚ್ಚಳ ಕುಸಿದದ್ದು. ಒಂದು ಸಲ ಸಾಲದು, ಸಲಸಲಕ್ಕೂ ಸ್ವಲ್ಪ ಹೆಚ್ಚು ಭಾರ ಹಾಕುತ್ತ ಎರಡು ಮೂರು ಸಲ ಎಳೆಯಿರಿ. ಜಾಡು ಒಳ್ಳೆಯದೆಂದು ಖಾತ್ರಿಯಾದರೆ ಅದೇ ಜಾಡಿನಲ್ಲಿ ಇಳಿಯಿರಿ, ಪಕ್ಕದಲ್ಲಲ್ಲ.

ಇಳಿಯುವಾಗ ನೆನಪಿಡಬೇಕಾದ್ದು ಕಡಿಮೆ. ಸ್ಕೀಗೆ ಬ್ರೇಕ್ ಇಲ್ಲ. ಪ್ರೊಪೆಲರ್ ಹಿಮ್ಮುಖ ಮಾಡಿದರೆ ಹಿಮದ ಪುಡಿ ಎದ್ದು ನಿಮ್ಮನ್ನೇ ಕುರುಡು ಮಾಡುತ್ತದೆ, ಹಾಗಾಗಿ ಅದು ನೇರ ಓಡುತ್ತಿರುವಾಗ ಮಾತ್ರ, ಮಿತವಾಗಿ.

ನಿಂತ ಮೇಲೆ: ಇಂಜಿನ್ ಆರಿಸುವ ಮುಂಚಿನ ಹತ್ತು ನಿಮಿಷ

ಓಟದ ಉಜ್ಜಾಟಕ್ಕೆ ಸ್ಕೀಯ ತಳ ಬೆಚ್ಚಗಾಗಿ ಹಿಮ ತುಸು ಕರಗಿರುತ್ತದೆ. ಆ ಹೊತ್ತಿಗೆ ನಿಂತರೆ ಅದೇ ನೀರು ಅಂಟಾಗುತ್ತದೆ. ಆದ್ದರಿಂದ ತಟ್ಟನೆ ನಿಲ್ಲಬೇಡಿ. ನಿಧಾನವಾಗಿ ಒಂದು ಸುತ್ತು ಹೊಡೆದು ನಿಮ್ಮದೇ ಒತ್ತಿದ ಜಾಡಿನ ಮೇಲೆ ಬನ್ನಿ, ತಳ ತಣಿಯಲಿ, ಆಮೇಲೆ ಹಲಗೆಗಳ ಮೇಲೋ ದಪ್ಪ ಪ್ಲಾಸ್ಟಿಕ್ ಹಾಳೆಯ ಮೇಲೋ ಹತ್ತಿಸಿ ನಿಲ್ಲಿಸಿ. ಮೂಗು ಹೊರಡುವ ದಿಕ್ಕಿಗೇ ಇರಲಿ.

ಸಮುದ್ರದ ಗಡ್ಡೆಯಾದರೆ ಇಂಜಿನ್ ಓಡುತ್ತಿರುವಾಗಲೇ ಒಬ್ಬರು ಬೈರಿಗೆ ಹಿಡಿದು ಹಿಂಬದಿಯ ಬಾಗಿಲಿನಿಂದ ಇಳಿಯಬೇಕು. ಪ್ರೊಪೆಲರ್ ಕಡೆ ಹೋಗದಂತೆ ಹೊರಡುವ ಮೊದಲೇ ಹೇಳಿಟ್ಟಿರಬೇಕು. ಬಿಳಿ ಹಿನ್ನೆಲೆಯಲ್ಲಿ ತಿರುಗುವ ಪ್ರೊಪೆಲರ್ ಕಾಣುವುದೇ ಇಲ್ಲ. ರಂಧ್ರ ಕೊರೆದು ದಪ್ಪ ಅಳೆಯಿರಿ. ತಿಳಿ ಸಿಹಿನೀರಿನ ಗಡ್ಡೆಗೆ ಬಳಕೆಯಲ್ಲಿರುವ ಒರಟು ಲೆಕ್ಕ ಇದು: ಸೆಂಟಿಮೀಟರಿನಲ್ಲಿ ದಪ್ಪದ ವರ್ಗವನ್ನು 4ರಿಂದ ಗುಣಿಸಿದರೆ ಹೊರಬಹುದಾದ ಕಿಲೋಗ್ರಾಂ ಸಿಗುತ್ತದೆ. 5,670 ಕಿಲೋ ತೂಗುವ, ಎರಡು ಇಂಜಿನ್ನಿನ ಪುಟ್ಟ ವಿಮಾನ ಟ್ವಿನ್ ಆಟರ್‌ಗೆ ಈ ಲೆಕ್ಕದಲ್ಲಿ 38 ಸೆಂಟಿಮೀಟರ್ ಸಾಕು. ಆದರೆ ಉಪ್ಪುನೀರಿನ ಗಡ್ಡೆಯೊಳಗೆ ಉಪ್ಪಿನ ದ್ರವದ ಸಣ್ಣ ಗೂಡುಗಳಿರುತ್ತವೆ, ಅದು ದುರ್ಬಲ. ಹಿಮ ಒದ್ದೆಯಾಗಿ ಹೆಪ್ಪುಗಟ್ಟಿದ ಬಿಳಿ ಪದರವನ್ನು ಅರ್ಧದಷ್ಟೇ ಎಣಿಸಬೇಕು. ಜೊತೆಗೆ, ಓಡುವ ಭಾರ ಬೇರೆ, ನಿಂತ ಭಾರ ಬೇರೆ. ನಿಂತ ಭಾರಕ್ಕೆ ಗಡ್ಡೆ ಗಂಟೆಗಟ್ಟಲೆ ಮೆಲ್ಲಗೆ ಬಾಗುತ್ತಲೇ ಇರುತ್ತದೆ. ಸಮುದ್ರದ ಗಡ್ಡೆಯಲ್ಲಿ ಲೆಕ್ಕದ ಎರಡು ಪಟ್ಟು ದಪ್ಪ ಸಿಗದಿದ್ದರೆ ಇಂಜಿನ್ ಆರಿಸಬಾರದು ಎನ್ನುವುದು ನನ್ನ ನಿಲುವು.

ಕೊರೆದ ರಂಧ್ರವನ್ನು ಮುಚ್ಚಬೇಡಿ, ಅದೇ ನಿಮ್ಮ ಕಾವಲುಗಾರ. ಗಡ್ಡೆಯ ಸುಮಾರು ಹತ್ತನೇ ಒಂದು ಭಾಗ ನೀರಿನಿಂದ ಮೇಲಿರುತ್ತದೆ. 60 ಸೆಂಟಿಮೀಟರ್ ಗಡ್ಡೆಯಲ್ಲಿ ನೀರು ರಂಧ್ರದ ಬಾಯಿಗಿಂತ ಆರೇಳು ಸೆಂಟಿಮೀಟರ್ ಕೆಳಗೆ ನಿಂತಿರುತ್ತದೆ. ಸ್ಕೀಯ ಪಕ್ಕದಲ್ಲೇ ಒಂದು ರಂಧ್ರ ಕೊರೆದು, ಕಡ್ಡಿಯ ಮೇಲೆ ಗೀಟು ಎಳೆದು ಅದರೊಳಗೆ ನಿಲ್ಲಿಸಿ, ಆಗಾಗ ತೆಳುಪದರ ಒಡೆದು ನೋಡುತ್ತಿರಿ. ನೀರು ಗೀಟಿನಿಂದ ಗೀಟಿಗೆ ಏರುತ್ತಿದ್ದರೆ ಗಡ್ಡೆ ವಿಮಾನದಡಿ ತಗ್ಗುತ್ತಿದೆ. ಬಾಯಿಯವರೆಗೂ ಬರುವ ಮುಂಚೆಯೇ ವಿಮಾನವನ್ನು ಬೇರೆ ಕಡೆ ಸರಿಸಿ. ಅಲ್ಲಿಯೂ ಇದನ್ನೇ ಮಾಡಿ.

ಹಿಮನದಿಯಲ್ಲಿ ಯಾರೂ ವಿಮಾನದಿಂದ ಸುಮ್ಮನೆ ಧುಮುಕಬಾರದು. ಉದ್ದ ಸ್ಕೀಗಳ ಅಡಿಯಲ್ಲಿ ಹರಡಿದ್ದ ಭಾರವನ್ನು ಹೊತ್ತ ಹಿಮದ ಮುಚ್ಚಳ ಒಂದು ಬೂಟಿನ ಕೆಳಗೆ ಕುಸಿಯಬಹುದು. ಮೊದಲು ಇಳಿಯುವವರು ಹಗ್ಗ ಕಟ್ಟಿಕೊಂಡು, ಉದ್ದ ಸಲಾಕೆಯಿಂದ ಚುಚ್ಚುತ್ತ ವಿಮಾನದ ಸುತ್ತ ನಡೆದು, ಸುರಕ್ಷಿತ ಜಾಗಕ್ಕೆ ಬಾವುಟ ನೆಡಬೇಕು. ಉಳಿದವರು ಬಾವುಟದೊಳಗೇ ಇರಬೇಕು, ಮೂತ್ರಕ್ಕೆ ಹೋಗುವುದಾದರೂ.

ಗಾಳಿಗೆ ಹಾರದಂತೆ ವಿಮಾನವನ್ನು ಕಟ್ಟುವ ಕೆಲಸ ಬಾಕಿ. ಒಳನಾಡಿನ ಎತ್ತರದಿಂದ ತಣ್ಣನೆ ಭಾರದ ಗಾಳಿ ಇಳಿಜಾರಿನಲ್ಲಿ ಜಾರಿ ಬರುವಾಗ ಮುನ್ಸೂಚನೆ ಕೊಡುವುದಿಲ್ಲ. ಹಿಮದಲ್ಲಿ ಹಲಗೆ ಹೂತು ಅದಕ್ಕೆ ಹಗ್ಗ ಕಟ್ಟಿ. ಬರಿಗಡ್ಡೆಯಾದರೆ ಓರೆಯಾಗಿ ಎರಡು ರಂಧ್ರ ಕೊರೆದು ಒಳಗೆ ಕೂಡುವಂತೆ ಮಾಡಿ ಹಗ್ಗ ಪೋಣಿಸಿ. ಯಾವ ಮೊಳೆಗಿಂತಲೂ ಅದು ಗಟ್ಟಿ.

ಚಳಿ ಇಂಜಿನ್‌ಗೂ ಆಗುತ್ತದೆ

ರಾತ್ರಿ ತಂಗುವುದಾದರೆ ಬ್ಯಾಟರಿ ಬಿಚ್ಚಿ ಡೇರೆಯೊಳಗೆ ಇಟ್ಟುಕೊಳ್ಳಿ. ಇಂಜಿನ್‌ಗೆ ಹೊದಿಕೆ ಹಾಕಿ, ಬೆಳಿಗ್ಗೆ ಹೀಟರಿನ ಬಿಸಿಗಾಳಿ ಊದಿ ಎಣ್ಣೆ ಹರಿಯುವಷ್ಟಾದ ಮೇಲೆ ಚಾಲೂ ಮಾಡಿ. ಜೆಟ್ ಎ-1 ಇಂಧನದ ಹೆಪ್ಪುಬಿಂದು ಮೈನಸ್ 47 ಡಿಗ್ರಿ, ಜೆಟ್ ಎ ಆದರೆ ಮೈನಸ್ 40. ಯಾವುದು ತುಂಬಿದ್ದೀರಿ ಎಂದು ತಿಳಿದಿರಲಿ. ಪೀಪಾಯಿಯಿಂದ ತುಂಬುವಾಗ ಸೋಸದೆ ಒಂದು ಲೀಟರ್ ಕೂಡ ಹಾಕಬೇಡಿ, ನೀರಿನ ಹನಿ ಫಿಲ್ಟರಿನಲ್ಲಿ ಹರಳಾಗಿ ಇಂಜಿನ್ ಉಸಿರು ಕಟ್ಟುತ್ತದೆ. ಒಣಗಾಳಿಯಲ್ಲಿ ಸ್ಥಿರವಿದ್ಯುತ್ ಕಿಡಿ ಹಾರುವ ಭಯವಿದೆ, ಪೀಪಾಯಿ, ಪಂಪು, ವಿಮಾನ ಮೂರನ್ನೂ ತಂತಿಯಿಂದ ಜೋಡಿಸಿ. ಕೈ ಮೇಲೆ ಇಂಧನ ಚೆಲ್ಲಿಕೊಳ್ಳುವವರನ್ನು ಕಂಡರೆ ನನಗೆ ಎದೆ ಝಲ್ಲೆನ್ನುತ್ತದೆ. ಅದು ನೀರಿನಂತೆ ಹೆಪ್ಪುಗಟ್ಟುವುದಿಲ್ಲ, ಮೈನಸ್ 40ರಲ್ಲೂ ದ್ರವವಾಗಿಯೇ ಬೆರಳನ್ನು ಸುತ್ತಿಕೊಂಡು ಕ್ಷಣಮಾತ್ರದಲ್ಲಿ ಚರ್ಮವನ್ನು ಸಾಯಿಸುತ್ತದೆ.

ಡೇರೆಯಲ್ಲಿ ಒಲೆ ಹಚ್ಚಿದಾಗ ಗಾಳಿಕಿಂಡಿ ತೆರೆದಿರಲಿ. ಹಿಮ ಸುರಿದು ಕಿಂಡಿ ಮುಚ್ಚಿದರೆ ಕಾರ್ಬನ್ ಮಾನಾಕ್ಸೈಡ್ ನಿದ್ದೆಯಲ್ಲೇ ಕೊಲ್ಲುತ್ತದೆ. ಉತ್ತರದಲ್ಲಾದರೆ ಹಿಮಕರಡಿಗೆ ಸರದಿಯ ಮೇಲೆ ಕಾವಲು. ದಕ್ಷಿಣದಲ್ಲಿ ಕಾಯಬೇಕಾದ್ದು ನಮ್ಮಿಂದ ಹಕ್ಕಿಗಳನ್ನು: ಅವುಗಳ ನೆಲೆಗಳ ಮೇಲೆ 610 ಮೀಟರಿಗಿಂತ ಕೆಳಗೆ ಹಾರಬಾರದೆಂದು ಅಂಟಾರ್ಕ್ಟಿಕ್ ಒಪ್ಪಂದದ ಮಾರ್ಗಸೂಚಿ ಹೇಳುತ್ತದೆ. ಪೆಂಗ್ವಿನ್‌ಗಳು ಬೆದರಿ ಗೂಡು ಬಿಟ್ಟೋಡಿದರೆ ಮೊಟ್ಟೆಗಳು ಹಾಳು.

ಮತ್ತೆ ಮೇಲೇರುವುದು

ಹೊರಡುವ ಮುನ್ನ ಸ್ಕೀಯ ಪಕ್ಕಕ್ಕೆ ಮರದ ಸುತ್ತಿಗೆಯಿಂದ ಬಡಿದು ಸಡಿಲ ಮಾಡಿ. ತಳಕ್ಕೆ ಹಗ್ಗ ತೂರಿಸಿ ಇಬ್ಬರು ಗರಗಸದಂತೆ ಎಳೆದರೆ ಅಂಟು ಬಿಡುತ್ತದೆ. ರೆಕ್ಕೆಯ ಮೇಲಿನ ಹಿಮಪುಡಿಯನ್ನು ಕೈಯಿಂದ ಸವರಿ ತೆಗೆಯಿರಿ, ಸಕ್ಕರೆಯಷ್ಟು ತೆಳುವಾಗಿದ್ದರೂ. ಸೊನ್ನೆಯ ಹತ್ತಿರ ಹಿಮ ಅಂಟುತ್ತದೆ. ತೀರಾ ಚಳಿಯಲ್ಲಿ ಅದು ಜಾರುವುದನ್ನೇ ಬಿಟ್ಟು ಮರಳಿನಂತೆ ಹಿಡಿಯುತ್ತದೆ. ಎರಡರಲ್ಲೂ ಓಟ ಉದ್ದವಾಗುತ್ತದೆ. ದಕ್ಷಿಣ ಧ್ರುವ 2,835 ಮೀಟರ್ ಎತ್ತರದಲ್ಲಿದೆ, ಅಲ್ಲಿ ಗಾಳಿಯೂ ತೆಳು. ಮೊದಲ ಓಟದಲ್ಲಿ ಏಳದಿದ್ದರೆ ಗಾಬರಿಯಾಗದೆ ಅದೇ ಜಾಡಿನಲ್ಲಿ ಹಿಂದಿರುಗಿ. ಒತ್ತಿ ಗಟ್ಟಿಯಾದ ಜಾಡು ಎರಡನೇ ಸಲ ಚೆನ್ನಾಗಿ ಜಾರುತ್ತದೆ. ಆಗಲೂ ಆಗದಿದ್ದರೆ ಭಾರ ಇಳಿಸಿ.

ಇದನ್ನು ಕೊನೆಯವರೆಗೂ ಮಾಡಿ ತೋರಿಸಿದವರು ಧ್ರುವ ಅನ್ವೇಷಕರಾದ ರೋಆಲ್ಡ್ ಅಮುಂಡ್ಸೆನ್ ಮತ್ತು ಲಿಂಕನ್ ಎಲ್ಸ್‌ವರ್ತ್. 1925ರ ಮೇ ತಿಂಗಳಲ್ಲಿ ಅವರ ಎರಡು ಡೋರ್ನಿಯರ್ ಹಾರುದೋಣಿಗಳು ಸುಮಾರು 88 ಡಿಗ್ರಿ ಉತ್ತರದಲ್ಲಿ ಸೀಳಿನ ನೀರಿಗೆ ಇಳಿದವು. ಒಂದು ಕೆಟ್ಟಿತು. ಸೀಳು ಮುಚ್ಚಿಕೊಳ್ಳತೊಡಗಿತು. ಆರು ಮಂದಿ, ಅಳೆದು ತಿನ್ನುವ ಆಹಾರ, ಕೈಗೆ ಸಿಕ್ಕ ಸಲಕರಣೆ. ಮೂರು ವಾರಕ್ಕೂ ಹೆಚ್ಚು ಕಾಲ ನೂರಾರು ಟನ್ ಗಡ್ಡೆ ಮತ್ತು ಹಿಮವನ್ನು ಕಡಿದು ಸರಿಸಿದರು. ಸಿದ್ಧ ಮಾಡಿದ ಪಟ್ಟಿ ಸೀಳಿತು, ಇನ್ನೊಂದು ಮಾಡಿದರು. ಬೇಡದ ಸಾಮಾನನ್ನೆಲ್ಲ ಅಲ್ಲೇ ಬಿಟ್ಟು, ಆರೂ ಜನ ಒಂದೇ ವಿಮಾನದಲ್ಲಿ ತುರುಕಿಕೊಂಡು ಜೂನ್ 15ರಂದು ಎದ್ದರು.

ಮೇಲೆದ್ದ ಮೇಲೆ, ಚಕ್ರದ ಜೊತೆಗೇ ಏರಿಸಿ ಇಳಿಸಬಹುದಾದ ಚಕ್ರಸ್ಕೀಯಾದರೆ ಅದನ್ನು ಒಂದೆರಡು ಸಲ ಮೇಲೆ ಕೆಳಗೆ ಆಡಿಸಿ, ಅಂಟಿದ ಹಿಮಗೆಸರು ಅಲ್ಲೇ ಹೆಪ್ಪುಗಟ್ಟಿ ಮುಂದಿನ ಇಳಿತಕ್ಕೆ ಕೈಕೊಡದಿರಲಿ. ಒಂದು ಸುತ್ತು ಬಂದು ನೀವು ಬಿಟ್ಟ ಜಾಡನ್ನು ನೋಡಿ, ಎಲ್ಲಿ ಕಪ್ಪಾಗಿದೆ, ಎಲ್ಲಿ ಬಿಳಿಯಾಗಿ ಉಳಿದಿದೆ ಎಂದು ಬರೆದಿಟ್ಟುಕೊಳ್ಳಿ. ಹಿಮನದಿಯಾದರೆ ಆ ಟಿಪ್ಪಣಿ ಮುಂದೆ ಬರುವವರಿಗೆ ಕೊಡಿ. ಸಮುದ್ರದ ಗಡ್ಡೆಯಾದರೆ ದಿನಾಂಕ ಮತ್ತು ಗಂಟೆಯನ್ನೂ ಬರೆಯಿರಿ. ನಾಳೆಯ ಹೊತ್ತಿಗೆ ಆ ಗಡ್ಡೆ ಕೆಲವು ಕಿಲೋಮೀಟರ್ ಆಚೆ ತೇಲಿಹೋಗಿರುತ್ತದೆ.